ಗಾಳಿ ನೋಡಿ ಕಡಲು ಆರಿಸಿ: ಮೆನೋರ್ಕಾದ ಪುಟ್ಟ ಕೊಲ್ಲಿಗಳಲ್ಲಿ ನಿಮಗೆ ಯಾವುದು?

ಮೆನೋರ್ಕಾ ದ್ವೀಪದ ಫೋಟೊ ಅಂತ ಎಲ್ಲೇ ನೋಡಿದರೂ ಬಹುತೇಕ ಒಂದೇ ಜಾಗ ಕಾಣುತ್ತದೆ. ಎರಡೂ ಕಡೆ ಬಿಳಿ ಬಂಡೆ, ನಡುವೆ ಹಸಿರು-ನೀಲಿ ನೀರು, ನೀರು ಎಷ್ಟು ತಿಳಿ ಅಂದರೆ ದೋಣಿ ಗಾಳಿಯಲ್ಲೇ ನಿಂತ ಹಾಗೆ. ಆ ಜಾಗದ ಹೆಸರು ಮಕರೆಯೆತಾ. ಫೋಟೊದಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಆಗಸ್ಟ್ ಮಧ್ಯಾಹ್ನ ಹೋಗಿ ನೋಡಿ, ಟವೆಲ್ ಹಾಸಲು ಜಾಗ ಹುಡುಕಬೇಕು.

ಬಾರ್ಸಿಲೋನಾದಲ್ಲಿ ಕೆಲಸಕ್ಕಿರುವ ನನಗೆ ಈ ದ್ವೀಪ ಒಂದು ರಾತ್ರಿಯ ಹಡಗಿನ ದೂರ. ಮೂರು ಸಲ ಹೋಗಿ ಬಂದೆ. ಈಗ ಯುರೋಪಿಗೆ ಬರುವ ನೆಂಟರು, ಗೆಳೆಯರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: 'ಜನ ಇಲ್ಲದ ಒಳ್ಳೇ ಬೀಚ್ ಯಾವುದು ಹೇಳು.' ಒಂದು ಹೆಸರು ಹೇಳಿ ಮುಗಿಸಲು ಆಗುವುದಿಲ್ಲ. ಯಾವ ತಿಂಗಳು ಹೋಗುತ್ತೀರಿ, ಯಾರ ಜೊತೆ ಹೋಗುತ್ತೀರಿ, ಎಷ್ಟು ದೂರ ನಡೆಯುತ್ತೀರಿ ಅಂತ ನಾನೇ ತಿರುಗಿ ಕೇಳಬೇಕಾಗುತ್ತದೆ. ಎಲ್ಲಕ್ಕಿಂತ ಮೊದಲು, ಅವತ್ತು ಗಾಳಿ ಯಾವ ಕಡೆಯಿಂದ?

ಮೆನೋರ್ಕಾ ಸ್ಪೇನ್ ದೇಶದ ಬಲಿಯಾರಿಕ್ ದ್ವೀಪಗಳಲ್ಲಿ ಒಂದು. ಸುಮಾರು 700 ಚದರ ಕಿ.ಮೀ. ವಿಸ್ತಾರ. ಪೂರ್ವದಲ್ಲಿ ಮಾವೋ, ಪಶ್ಚಿಮದಲ್ಲಿ ಸಿಯುತದೆಯಾ, ನಡುವೆ ಸುಮಾರು 45 ಕಿ.ಮೀ. ರಸ್ತೆ. ಎಲ್ಲಿಂದ ಎಲ್ಲಿಗೆ ಹೋದರೂ ಒಂದು ಗಂಟೆಯೊಳಗೆ ಕಾರಿನಲ್ಲಿ ತಲುಪಬಹುದು. ಬೀಚುಗಳು ಮಾತ್ರ ಎಪ್ಪತ್ತಕ್ಕೂ ಹೆಚ್ಚು. ಯುನೆಸ್ಕೊ 1993ರಲ್ಲಿ ಇಡೀ ದ್ವೀಪವನ್ನು ಜೀವಗೋಳ ಮೀಸಲು ಪ್ರದೇಶ ಅಂತ ಘೋಷಿಸಿತು. ಪಕ್ಕದ ಮಯೋರ್ಕಾ, ಇಬಿಜಾ ದ್ವೀಪಗಳಿಗೆ ಹೋಲಿಸಿದರೆ ಇಲ್ಲಿ ಕಡಲ ದಡದಲ್ಲಿ ಕಟ್ಟಡ ಕಡಿಮೆ ಎದ್ದಿವೆ. ಏಕಾಂತ ಹುಡುಕುವವರಿಗೆ ನಾನು ಈ ದ್ವೀಪವನ್ನೇ ಹೇಳುವುದು ಅದಕ್ಕೇ.

ಪುಟ್ಟ ಕೊಲ್ಲಿಗೆ ಇಲ್ಲಿನ ಕತಲಾನ್ ಭಾಷೆಯಲ್ಲಿ 'ಕಾಲಾ' ಅನ್ನುತ್ತಾರೆ. ನಮಗೆ ಮರೆಯಲು ಸಾಧ್ಯವೇ ಇಲ್ಲದ ಪದ, ಅಲ್ವಾ? ಕಾಲಾ ತಲುಪಲು ಕಾಲು ಬೇಕು, ಕಾಲವೂ ಕೂಡಿ ಬರಬೇಕು. ಇನ್ನೊಂದು ಸಣ್ಣ ಸಹಾಯ: ಫಲಕದಲ್ಲಿ ಎರಡು 'ಎಲ್' ಜೊತೆಗೆ ಬಂದರೆ ಸಾಮಾನ್ಯವಾಗಿ 'ಯ' ಅಂತ ಓದಿ. ಬಸ್ ಡ್ರೈವರ್ ಹತ್ತಿರ 'ಮಕರೆಲ್ಲಾ' ಅಂದರೂ ಅರ್ಥವಾಗುತ್ತದೆ, 'ಮಕರೆಯಾ' ಅಂದರೆ ಒಂದು ನಗು ಜಾಸ್ತಿ ಸಿಗುತ್ತದೆ.

ಮೊದಲು ಗಾಳಿ

ಎರಡನೇ ಸಲ ಹೋದಾಗ ಸೆಪ್ಟೆಂಬರ್ ಕೊನೆ. ಬೆಳಿಗ್ಗೆ ಕಿಟಕಿ ತೆರೆದರೆ ಮೋಡದ ಒಂದು ಚೂರೂ ಇಲ್ಲ. ಇವತ್ತು ಪ್ರೆಗೊಂದಾಗೆ ಹೋಗೋಣ ಅಂತ ಉತ್ತರಕ್ಕೆ ಹೊರಟೆವು. ಕಾರು ನಿಲ್ಲಿಸಿ ಅರ್ಧ ಗಂಟೆ ನಡೆದೆವು. ಗುಡ್ಡದ ತಿರುವು ದಾಟುತ್ತಿದ್ದ ಹಾಗೆ ಟೋಪಿ ಹಾರಿತು. ಮರಳು ಸೂಜಿಯ ಹಾಗೆ ಕಾಲಿಗೆ ಚುಚ್ಚುತ್ತಿತ್ತು. ನೀರಲ್ಲಿ ಒಬ್ಬರೂ ಇರಲಿಲ್ಲ. ಏಕಾಂತ ಅಂದರೆ ಏಕಾಂತವೇ, ಆದರೆ ಈಜಲು ಬಂದವರಿಗೆ ಅದರಿಂದ ಏನು ಪ್ರಯೋಜನ? ಪೆಚ್ಚು ಮೋರೆ ಹಾಕಿಕೊಂಡು ವಾಪಸ್ ಬಂದು, ದ್ವೀಪದ ನಡುವಿನ ಎಸ್ ಮೆರ್ಕದಾಲ್ ಊರು ದಾಟಿ ದಕ್ಷಿಣಕ್ಕೆ ಇಳಿದೆವು. ಅರ್ಧ ಗಂಟೆ ಚಿಲ್ಲರೆ ದಾರಿ. ಅಲ್ಲಿ ಕಡಲು ತಟ್ಟೆಯಲ್ಲಿ ಸುರಿದ ನೀರಿನ ಹಾಗೆ ಸುಮ್ನೆ ಮಲಗಿತ್ತು.

ಆ ಗಾಳಿಯ ಹೆಸರು ತ್ರಮುಂತಾನಾ, ಉತ್ತರದ ಗಾಳಿ. ಫ್ರಾನ್ಸಿನ ಕಡೆಯ ಬೆಟ್ಟಸಾಲುಗಳ ಸಂದಿಯಿಂದ ನುಗ್ಗಿ, ಲಯನ್ ಕೊಲ್ಲಿ ದಾಟಿ, ಅಡ್ಡಿಯೇ ಇಲ್ಲದೆ ಮೆನೋರ್ಕಾಗೆ ಬಂದು ಬಡಿಯುತ್ತದೆ. ದ್ವೀಪದ ಅತಿ ಎತ್ತರದ ಜಾಗ ಮೊಂತೆ ತೋರೊ, ಅದೂ ಬರೀ 358 ಮೀಟರ್. ಗಾಳಿಯನ್ನು ತಡೆಯಲು ಇನ್ನೇನೂ ಇಲ್ಲ. ಉತ್ತರದ ಬಯಲಲ್ಲಿ ಕಾಡು ಆಲಿವ್ ಮರಗಳು ದಕ್ಷಿಣಕ್ಕೆ ಬಾಗಿಯೇ ಬೆಳೆದಿವೆ. ಬೆನ್ನಿಗೆ ಗಾಳಿ ಹೊಡೆಸಿಕೊಂಡು ನಿಂತ ಮುದುಕರ ಹಾಗೆ.

ದಕ್ಷಿಣದ ಗಾಳಿಗೆ ಮಿಜೋರ್ನ್ ಅಂತ ಹೆಸರು. ಅದು ಬೀಸಿದಾಗ ಎಲ್ಲ ಉಲ್ಟಾ. ಫೋಟೊದ ದಕ್ಷಿಣ ಕೊಲ್ಲಿಗಳಲ್ಲಿ ಅಲೆ ಏಳುತ್ತದೆ, ನೀರು ಕದಡುತ್ತದೆ. ಉತ್ತರದಲ್ಲಿ ಕನ್ನಡಿಯಂಥ ನೀರು.

ಹಾಗಾಗಿ 'ಉತ್ತರ ಚೆನ್ನವೋ ದಕ್ಷಿಣ ಚೆನ್ನವೋ' ಅಂತ ಊರಿನಲ್ಲೇ ಕೂತು ತೀರ್ಮಾನ ಮಾಡಬೇಡಿ. ಉತ್ತರದಲ್ಲಿ ಎರಡು ಹೆಸರು, ದಕ್ಷಿಣದಲ್ಲಿ ಎರಡು ಹೆಸರು ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಫೋನಿನಲ್ಲಿ ಗಾಳಿಯ ದಿಕ್ಕು ನೋಡಿ. ಗಾಳಿ ಬರುವ ದಿಕ್ಕಿಗೆ ಬೆನ್ನು ಹಾಕಿರುವ ಕೊಲ್ಲಿಗೆ ಹೋಗಿ. ಮನೆ ಮಾಲೀಕರನ್ನೋ ಕಾಫಿ ಕೊಡುವವರನ್ನೋ ಕೇಳಿದರೂ ಸಾಕು, ಅವರೂ ಹೀಗೆಯೇ ಆರಿಸುವುದು. ಮೊಂತೆ ತೋರೊ ಮೇಲಕ್ಕೆ ಕಾರು ಹೋಗುತ್ತದೆ. ತುದಿಯಿಂದ ಎರಡೂ ಕಡಲು ಕಾಣುತ್ತವೆ. ಯಾವ ಕಡೆ ಬಿಳಿ ನೊರೆ ಇದೆ ಅಂತ ಕಣ್ಣಲ್ಲೇ ನೋಡಿ ಇಳಿಯಬಹುದು.

ದಕ್ಷಿಣ: ಸುಣ್ಣಕಲ್ಲು, ಪೈನ್ ಮರ, ಬಿಳಿ ಮರಳು

ದಕ್ಷಿಣದ ನೆಲ ಸುಣ್ಣಕಲ್ಲಿನದು. ಮಳೆನೀರು ಅದನ್ನು ಕೊರೆದು ಕೊರೆದು ಆಳದ ಕಣಿವೆಗಳನ್ನು ಮಾಡಿದೆ. ಕಣಿವೆ ಕಡಲು ಸೇರುವಲ್ಲಿ ಒಂದೊಂದು ಕಾಲಾ. ಎರಡೂ ಕಡೆ ಬಂಡೆಯ ಗೋಡೆ ಇರುವುದರಿಂದ ಒಳಗೆ ನೀರು ಶಾಂತ. ತಳದಲ್ಲಿ ಬಿಳಿ ಮರಳು ಇರುವುದರಿಂದ ಆ ಬಣ್ಣ. ಹಿಂದೆ ಪೈನ್ ಮರಗಳ ನೆರಳು. ಮಕ್ಕಳಿರುವವರಿಗೆ ಈ ನೆರಳು ದೊಡ್ಡ ವಿಷಯ. ಉತ್ತರದಲ್ಲಿ ಅದು ಸಿಗುವುದು ಕಷ್ಟ.

ಮಕರೆಯಾ ಮತ್ತು ಮಕರೆಯೆತಾ ಅಕ್ಕ-ತಂಗಿ ಇದ್ದ ಹಾಗೆ. ಅಕ್ಕ ದೊಡ್ಡದು, ಊಟ-ಕಾಫಿ ಸಿಗುವ ಜಾಗವೂ ಇದೆ. ಅಲ್ಲಿಂದ ಬಂಡೆಯ ಮೇಲಿನ ದಾರಿಯಲ್ಲಿ ಹತ್ತು ನಿಮಿಷ ನಡೆದರೆ ತಂಗಿ. ಇಷ್ಟು ಚೆಂದದ ನೀರು ನಾನು ಬೇರೆ ಕಡೆ ನೋಡಿಲ್ಲ, ಅದನ್ನು ಒಪ್ಪಬೇಕು. ಆದರೆ ಜನಜಾತ್ರೆ. ಬೇಸಿಗೆಯಲ್ಲಿ ಖಾಸಗಿ ಕಾರುಗಳನ್ನು ಹತ್ತಿರ ಬಿಡುವುದಿಲ್ಲ. ಸಿಯುತದೆಯಾದಿಂದ ಬಸ್ ಹಿಡಿಯಬೇಕು, ಟಿಕೆಟ್ ಮೊದಲೇ ಕಾಯ್ದಿರಿಸಬೇಕು. ಈ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುತ್ತದೆ, ಹೊರಡುವ ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಕಾಲಾ ಗಲ್ದಾನಾದಿಂದ ನಡೆಯಿರಿ. ಸುಮಾರು ಮುಕ್ಕಾಲು ಗಂಟೆ, ಪೈನ್ ಕಾಡಿನೊಳಗೆ. ಬೆಳಿಗ್ಗೆ ಎಂಟಕ್ಕೆ ಅಲ್ಲಿದ್ದರೆ ಒಂದೂವರೆ ಗಂಟೆ ಫೋಟೊದಲ್ಲಿರುವ ಹಾಗೇ ಇರುತ್ತದೆ. ನಾವು ಹಾಗೆ ಈಜಿ, ಜನ ಬರುವಷ್ಟರಲ್ಲಿ ಜಾಗ ಬಿಟ್ಟೆವು.

ತುರ್ಕೆತಾ ಕೂಡ ಅಷ್ಟೇ ಹೆಸರುವಾಸಿ. ಕಾರು ನಿಲ್ಲಿಸುವ ಜಾಗ ಬೇಸಿಗೆಯಲ್ಲಿ ಬೇಗ ತುಂಬುತ್ತದೆ. ತುಂಬಿತು ಅಂತ ದಾರಿಯ ಫಲಕದಲ್ಲೇ ತೋರಿಸುತ್ತಾರೆ. ಹಾಗಾದರೆ ಇದರ ಬದಲು ಏನು? ತುರ್ಕೆತಾಗೂ ಸೋನ್ ಸೌರಾಗೂ ನಡುವೆ ಎಸ್ ತಲಾಯೆರ್ ಅಂತ ಒಂದು ಸಣ್ಣ ಕೊಲ್ಲಿ ಇದೆ. ಯಾವ ಕಡೆಯಿಂದ ಬಂದರೂ ಇಪ್ಪತ್ತು ಮೂವತ್ತು ನಿಮಿಷ ನಡೆಯಬೇಕು. ಮರಳು ಅದೇ, ನೀರು ಅದೇ. ಅಂಗಡಿ ಇಲ್ಲ, ಜಾಗ ಚಿಕ್ಕದು, ಪ್ರಸಿದ್ಧಿ ಕಡಿಮೆ. ಮಕರೆಯೆತಾ ಮತ್ತು ಎಸ್ ತಲಾಯೆರ್ ನಡುವೆ ಆರಿಸು ಅಂದರೆ ನಾನು ಜುಲೈನಲ್ಲಿ ಎಸ್ ತಲಾಯೆರ್, ಅಕ್ಟೋಬರಿನಲ್ಲಿ ಮಕರೆಯೆತಾ ಅನ್ನುತ್ತೇನೆ.

ಸೋನ್ ಸೌರಾ ಬೇರೆ ತರಹ. ಅಗಲವಾದ ಎರಡು ಬಿಲ್ಲುಗಳಂಥ ದಡ, ಆಳ ಕಡಿಮೆ. ಏಕಾಂತ ಅನ್ನಲಾಗದು, ಆದರೆ ಉದ್ದ ಇರುವುದರಿಂದ ಒಬ್ಬರ ಮೇಲೊಬ್ಬರು ಬೀಳುವುದಿಲ್ಲ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಇದೇ ಸರಿ.

ಗಲ್ದಾನಾದಿಂದ ಪೂರ್ವಕ್ಕೆ ನಡೆದರೆ ಇನ್ನೊಂದು ಸರಣಿ. ಇಪ್ಪತ್ತು ನಿಮಿಷಕ್ಕೆ ಮಿತ್ಜಾನಾ, ಅದರ ಮಗ್ಗುಲಲ್ಲೇ ಪುಟಾಣಿ ಮಿತ್ಜನೆತಾ. ಇಲ್ಲಿ ಹುಡುಗರು ಬಂಡೆಯಿಂದ ಧುಮುಕುತ್ತಿರುತ್ತಾರೆ. ಕೆಳಗೆ ಎಷ್ಟು ಆಳ ಅಂತ ನೋಡದೆ ಅವರನ್ನು ಅನುಸರಿಸಬೇಡಿ. ಮುಂದೆ ಮುಕ್ಕಾಲು ಗಂಟೆ ನಡೆದರೆ ತ್ರೆಬಲೂಜೆರ್. ಕಣಿವೆಯಿಂದ ಇಳಿದು ಬಂದ ತೊರೆ ಇಲ್ಲಿ ಮರಳಿನ ಹಿಂದೆಯೇ ನಿಂತಿದೆ. ಒಂದು ಕಡೆ ಸಿಹಿನೀರು, ಒಂದು ಕಡೆ ಉಪ್ಪುನೀರು, ನಡುವೆ ಮರಳಿನ ಒಂದು ಪಟ್ಟಿ. ಇಲ್ಲಿಗೆ ಕಾರಿನ ದಾರಿ ಇಲ್ಲ. ನಡೆಯುವವರು, ಕಯಾಕ್ ಹುಟ್ಟು ಹಾಕುವವರು, ದೋಣಿಯವರು ಇಷ್ಟೇ. ಮಧ್ಯಾಹ್ನ ಪ್ರವಾಸಿ ದೋಣಿಗಳು ಬಂದು ಅರ್ಧ ಗಂಟೆ ಗದ್ದಲ ಮಾಡಿ ಹೋಗುವುದುಂಟು. ಅವು ಹೋದ ಮೇಲೆ ಮತ್ತೆ ನಿಶ್ಶಬ್ದ.

ಅದಕ್ಕೂ ಆಚೆ ಫುಸ್ತಾಮ್, ಎಸ್ಕೊರ್ಶಾದಾ. ಇಡೀ ದಕ್ಷಿಣದಲ್ಲಿ ನನ್ನ ಮನಸ್ಸಿನ ಜಾಗ ಎಸ್ಕೊರ್ಶಾದಾ. ಗಲ್ದಾನಾದಿಂದ ಸಾಂತ್ ತೊಮಾಸ್ ತನಕದ ನಡಿಗೆ ಸುಮಾರು 11 ಕಿ.ಮೀ. ಈ ಕೊಲ್ಲಿಗಳು ಅದರ ಮಧ್ಯೆ ಬರುತ್ತವೆ. ಆದರೆ ಗುರುತು ಹಾಕಿದ ಮುಖ್ಯದಾರಿ ಒಂದು ಕಡೆ ಒಳನಾಡಿಗೆ ತಿರುಗಿಬಿಡುತ್ತದೆ. ಅಲ್ಲಿ ಕಡಲ ಕಡೆಯ ಕಾಲುಹಾದಿ ಹಿಡಿಯಬೇಕು. ಹೋಗುವುದಕ್ಕೆ ಗಂಟೆ ಗಟ್ಟಲೆ, ಬರುವುದಕ್ಕೆ ಅಷ್ಟೇ, ನಡುವೆ ಒಂದು ಹನಿ ಕುಡಿಯುವ ನೀರು ಸಿಗುವುದಿಲ್ಲ. ತಲಾ ಎರಡು ಲೀಟರ್ ಹೊತ್ತುಕೊಂಡು ಹೋಗಿ. ಅಷ್ಟು ಕಷ್ಟಪಟ್ಟು ಬಂದವರು ಜೂನ್ ಮೊದಲ ವಾರ ಅಲ್ಲಿ ನಾವೂ ಸೇರಿ ಒಂಬತ್ತು ಜನ. ಎಣಿಸಿದೆ.

ದಕ್ಷಿಣದಲ್ಲಿ ಒಂದು ಎಚ್ಚರಿಕೆ. ಸುಣ್ಣಕಲ್ಲಿನ ಬಂಡೆಯಿಂದ ಆಗಾಗ ಕಲ್ಲು ಉರುಳುತ್ತದೆ. ನೆರಳು ಚೆನ್ನಾಗಿದೆ ಅಂತ ಬಂಡೆಯ ಬುಡದಲ್ಲಿ ಮಲಗಬೇಡಿ. ಮರದ ನೆರಳೇ ವಾಸಿ.

ಉತ್ತರ: ಕೆಂಪು ಮಣ್ಣು, ಕಪ್ಪು ಕಲ್ಲು, ಕಡಿಮೆ ಜನ

ಉತ್ತರಕ್ಕೆ ಬಂದರೆ ಬೇರೆ ದ್ವೀಪಕ್ಕೆ ಬಂದ ಹಾಗೆ ಅನ್ನಿಸುತ್ತದೆ. ಭೂವಿಜ್ಞಾನದ ಲೆಕ್ಕದಲ್ಲಿ ಅದು ನಿಜವೇ. ಇಲ್ಲಿನ ಕಲ್ಲು ದಕ್ಷಿಣದ ಸುಣ್ಣಕಲ್ಲಿಗಿಂತ ಎಷ್ಟೋ ಪಾಲು ಹಳೆಯದು. ಕೆಂಪು ಮರಳುಗಲ್ಲು, ಕಪ್ಪು ಸ್ಲೇಟು ಕಲ್ಲು. ದಡದ ಅಂಚು ಹರಿದ ಬಟ್ಟೆಯ ಹಾಗೆ. ಮರ ಕಡಿಮೆ. ಕೊಡೆ ಇಲ್ಲದೆ ಹೋದರೆ ಬೇಯುತ್ತೀರಿ.

ಪ್ರೆಗೊಂದಾ ಇಲ್ಲಿನ ರಾಣಿ. ಬಿನಿಮೆಲ್ಲಾ ಬೀಚಿನ ಹತ್ತಿರ ಕಾರು ನಿಲ್ಲಿಸಿ ಸುಮಾರು ಅರ್ಧ ಗಂಟೆ ನಡೆಯಬೇಕು. ದಾರಿಯಲ್ಲಿ ಕೆಂಪು ನೆಲ, ನಮ್ಮ ಮಲೆನಾಡಿನ ಮಣ್ಣಿನಷ್ಟೇ ಕೆಂಪು. ಕೊಲ್ಲಿಯ ಎದುರಿಗೆ ಸಣ್ಣ ಕಲ್ಲುದ್ವೀಪಗಳು ಇರುವುದರಿಂದ ಸಣ್ಣಪುಟ್ಟ ಅಲೆ ಒಳಗೆ ಬರುವುದಿಲ್ಲ. ಆ ಕಲ್ಲುಗಳ ಸುತ್ತ ಕನ್ನಡಕ ಹಾಕಿಕೊಂಡು ಮೀನು ನೋಡುತ್ತಾ ಈಜುವುದು ಮೆನೋರ್ಕಾದಲ್ಲಿ ನನಗೆ ಅತಿ ಇಷ್ಟದ ಕೆಲಸ. ದಕ್ಷಿಣದ ಮರಳು ತಳದಲ್ಲಿ ಬಣ್ಣ ಜಾಸ್ತಿ, ಮೀನು ಕಡಿಮೆ. ಇಲ್ಲಿ ಅದಲುಬದಲು. (ಅಂದ ಹಾಗೆ 'ಬಿನಿ' ಅಂತ ಶುರುವಾಗುವ ಊರುಗಳು ಈ ದ್ವೀಪದಲ್ಲಿ ತುಂಬಾ. ಅರಬ್ಬಿಯಲ್ಲಿ 'ಇಂಥವರ ಮಕ್ಕಳು' ಅಂತ ಅರ್ಥ. 1287ರವರೆಗೆ ಇಲ್ಲಿ ಮುಸ್ಲಿಂ ಆಳ್ವಿಕೆ ಇತ್ತು, ಹೆಸರುಗಳು ಉಳಿದುಕೊಂಡವು.)

ಪ್ರೆಗೊಂದಾಕ್ಕೆ ಜೋಡಿ ಅಂದರೆ ಪಿಲಾರ್. ಓಕ್ ಮರಗಳ ಕಾಡಿನೊಳಗೆ ನಡೆದು, ಆಮೇಲೆ ಮರಳುದಿಬ್ಬ ದಾಟಿ, ಕೊನೆಗೆ ಕಡಿದಾದ ಇಳಿಜಾರು. ಮುಕ್ಕಾಲು ಗಂಟೆ ಹಿಡಿಯುತ್ತದೆ. ನಡಿಗೆಯ ದೃಷ್ಟಿಯಿಂದ ಪಿಲಾರ್ ಮೇಲು, ಕಾಡಿನ ನೆರಳು ಇದೆ. ಈಜಿನ ದೃಷ್ಟಿಯಿಂದ ಪ್ರೆಗೊಂದಾ ಮೇಲು, ಏಕೆಂದರೆ ಪಿಲಾರ್‌ಗೆ ಎದುರು ಯಾವ ತಡೆಯೂ ಇಲ್ಲ, ಕಡಲು ನೇರ ನುಗ್ಗುತ್ತದೆ. ಅಲೆ ಇರುವ ದಿನ ಅಲ್ಲಿ ಇಳಿಯಬೇಡಿ. ಕಾಯುವ ಜೀವರಕ್ಷಕರು ಇಂಥ ಕಡೆ ಇರುತ್ತಾರೆ ಅನ್ನುವ ನಂಬಿಕೆ ಬೇಡ. ಕರಾವಳಿಯವರಿಗೆ ನಾನು ಹೇಳಬೇಕಿಲ್ಲ: ದಡಕ್ಕೆ ಬಂದ ನೀರು ವಾಪಸ್ ಎಳೆದುಕೊಂಡು ಹೋಗುವ ಜಾಗ ಎಲ್ಲ ಕಡಲಲ್ಲೂ ಇರುತ್ತದೆ.

ಕವಯೆರೀಯಾ ಸುಲಭದ್ದು. ಕಾರಿನಿಂದ ಸ್ವಲ್ಪ ನಡೆದು, ಮರದ ಮೆಟ್ಟಿಲು ಇಳಿದರೆ ಕಂದುಕೆಂಪು ಮರಳು. ಇಲ್ಲಿನ ಜೇಡಿಮಣ್ಣನ್ನು ಮೈಗೆಲ್ಲ ಮೆತ್ತಿಕೊಳ್ಳುವ ಹುಚ್ಚು ಪ್ರವಾಸಿಗಳಿಗಿತ್ತು. ಹಾಗೆ ಕೆರೆದರೆ ದಡ ಕುಸಿಯುತ್ತದೆ, ಮಾಡಬೇಡಿ. ಅಲ್ಲಿಂದ ಮುಂದೆ ಭೂಶಿರದ ತುದಿಯ ದೀಪಸ್ತಂಭದವರೆಗೆ ಹೋಗಿ ಸಂಜೆ ಕಳೆಯಬಹುದು.

ಈಶಾನ್ಯದ ಫವಾರಿಚ್ ನನಗೆ ಅತಿ ವಿಚಿತ್ರ ಅನ್ನಿಸಿದ ಜಾಗ. ಕಪ್ಪು ಸ್ಲೇಟು ಕಲ್ಲಿನ ಬಯಲು, ಅದರ ಮೇಲೆ ಕಪ್ಪು-ಬಿಳಿ ಪಟ್ಟಿಯ, 28 ಮೀಟರ್ ಎತ್ತರದ ದೀಪಸ್ತಂಭ. ಸುತ್ತ ಹಸಿರೇ ಇಲ್ಲ ಅನ್ನುವಷ್ಟು ಬೋಳು. ಅಲ್ಲಿಂದ ದಕ್ಷಿಣಕ್ಕೆ ಇಪ್ಪತ್ತು ಮೂವತ್ತು ನಿಮಿಷ ನಡೆದರೆ ಪ್ರೆಸಿಲಿ, ಆಮೇಲೆ ತೊರ್ತುಗಾ. ಇದ್ದಕ್ಕಿದ್ದ ಹಾಗೆ ಬಿಳಿ ಮರಳು! ಇವು ಪೂರ್ವಕ್ಕೆ ಮುಖ ಮಾಡಿವೆ, ಹಾಗಾಗಿ ಪಶ್ಚಿಮದ ಗಾಳಿ ಇರುವ ದಿನ ಇವೇ ಸರಿ. ಬೇಸಿಗೆಯಲ್ಲಿ ದೀಪಸ್ತಂಭದ ರಸ್ತೆಗೆ ಕಾರು ಬಿಡದ ದಿನಗಳೂ ಇರುತ್ತವೆ, ವಿಚಾರಿಸಿ ಹೊರಡಿ.

ಎಸ್ ಗ್ರೌ ಬಗ್ಗೆ ಎರಡೇ ಮಾತು. ಊರಿನ ಪಕ್ಕದಲ್ಲೇ ಇರುವ ದಡ, ನೀರು ದೂರದವರೆಗೂ ಮೊಣಕಾಲುದ್ದ. ಈಜು ಕಲಿಯುವವರಿಗೆ, ಮಕ್ಕಳಿಗೆ ಸ್ವರ್ಗ. ಈಜು ಬಲ್ಲವರಿಗೆ ಬೇಜಾರು.

ಮರಳೇ ಬೇಕಾ?

ಏಕಾಂತ ಬೇಕು ಅನ್ನುವವರಿಗೆ ನಾನು ಕೊಡುವ ಗುಟ್ಟಿನ ಸಲಹೆ ಇದು: ಮರಳನ್ನು ಬಿಟ್ಟುಬಿಡಿ. ಪ್ರವಾಸಿಗಳೆಲ್ಲ ಮರಳಿನ ಹಿಂದೆ ಓಡುತ್ತಾರೆ. ಬಂಡೆಯ ಕೊಲ್ಲಿಗಳು ಆಗಸ್ಟಿನಲ್ಲೂ ಖಾಲಿ ಇರುವುದುಂಟು.

ಆಗ್ನೇಯದ ಸಲ್ಗಾರ್ ಹತ್ತಿರ ರಫಲೆತ್ ಅಂತ ಒಂದಿದೆ. ಬಂಡೆಯನ್ನು ಯಾರೋ ಮಚ್ಚಿನಿಂದ ಸೀಳಿದ ಹಾಗೆ ಕಿರಿದಾದ ಸಂದು. ಒಳಗೆ ಗಾಢ ನೀಲಿ ನೀರು. ಕೂರಲು ಕಲ್ಲುಚಪ್ಪಡಿ ಬಿಟ್ಟರೆ ಬೇರೇನೂ ಇಲ್ಲ. ಕಾಲೆಸ್ ಕೋವೆಸ್‌ನಲ್ಲಿ ಎರಡು ಪುಟ್ಟ ಕೊಲ್ಲಿ, ಸುತ್ತ ಬಂಡೆಯಲ್ಲಿ ತೊಂಬತ್ತರಷ್ಟು ಗುಹೆ. ಬಹುತೇಕ ಇತಿಹಾಸಪೂರ್ವ ಕಾಲದ ಸಮಾಧಿಗಳು. ಮೆನೋರ್ಕಾದ ಈ ತಲಾಯೊತಿಕ್ ಕಾಲದ ಕಲ್ಲಿನ ತಾಣಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನೀರಿನ ಮಧ್ಯೆ ಅಂಗಾತ ತೇಲುತ್ತಾ ಆ ಗುಹೆಗಳ ಕಪ್ಪು ಬಾಯಿಗಳನ್ನು ನೋಡುವುದು, ಸ್ವಲ್ಪ ಮೈ ಜುಂ ಅನ್ನಿಸುತ್ತದೆ. ಇಳಿಯುವ ದಾರಿ ಕಲ್ಲುಮಣ್ಣಿನದು, ಚಪ್ಪಲಿ ಸಾಲದು.

ಬಾವಿಯಲ್ಲಿ ಈಜು ಕಲಿತವರಿಗೆ ಸಿಯುತದೆಯಾ ಹತ್ತಿರದ ಕಾಲಾ ಎನ್ ಬ್ರುತ್ ಹಿಡಿಸುತ್ತದೆ. ಎರಡೂ ದಡದಲ್ಲಿ ಸಿಮೆಂಟ್ ಕಟ್ಟೆಗಳು, ಕೆಳಗೆ ಆಳ, ಹತ್ತಿ ಬರಲು ಏಣಿ. ಜಿಗಿ, ಹತ್ತು, ಮತ್ತೆ ಜಿಗಿ. ಏಕಾಂತ ಇಲ್ಲ, ಊರಿನ ಹುಡುಗರೇ ತುಂಬಿರುತ್ತಾರೆ. ಆದರೂ ಅದರ ಸುಖ ಬೇರೆ.

ಬಂಡೆಯ ಕಡೆ ಹೋದರೆ ರಬ್ಬರಿನ ನೀರುಚಪ್ಪಲಿ ಬೇಕೇ ಬೇಕು. ಕಲ್ಲಿನ ಸಂದಿಯಲ್ಲಿ ಕಪ್ಪು ಮುಳ್ಳುಚೆಂಡಿನಂಥ ಸೀ ಅರ್ಚಿನ್ ಇರುತ್ತವೆ. ತುಳಿದರೆ ಮುಳ್ಳು ಒಳಗೇ ಮುರಿಯುತ್ತದೆ, ರಜೆ ಎರಡು ದಿನ ಹಾಳು.

ಕಾಲು, ಬಸ್ಸು, ದೋಣಿ

ಇಡೀ ದ್ವೀಪದ ಅಂಚನ್ನು ಸುತ್ತುವ ಒಂದು ಕಾಲುದಾರಿ ಇದೆ. ಹೆಸರು ಕಮೀ ದೆ ಕವಾಯ್ಸ್, ಕುದುರೆಗಳ ದಾರಿ. 185 ಕಿ.ಮೀ., 20 ಹಂತ. ಹಿಂದೆ ಕಡಲ್ಗಳ್ಳರು, ಶತ್ರು ಹಡಗುಗಳು ಬರುತ್ತಿವೆಯೇ ಅಂತ ಕುದುರೆ ಮೇಲೆ ಕಾವಲು ತಿರುಗುತ್ತಿದ್ದ ದಾರಿ. ಹೊಲಗಳ ಒಡೆಯರು ಬಹುಕಾಲ ಮುಚ್ಚಿಟ್ಟಿದ್ದರು. ಜನ ಹೋರಾಡಿ, ಕಾನೂನು ಬಂದು, ರಿಪೇರಿಯಾಗಿ, 2010ರಲ್ಲಿ ಎಲ್ಲರಿಗೂ ತೆರೆಯಿತು. ದಾರಿಯಲ್ಲಿ ಕಾಡು ಆಲಿವ್ ಕಟ್ಟಿಗೆಯ ಬಾಗಿದ ಗೇಟುಗಳು ಸಿಗುತ್ತವೆ. ದನಕರು ಹೊರಗೆ ಹೋಗದಿರಲಿ ಅಂತ. ದಾಟಿದ ಮೇಲೆ ಮುಚ್ಚಿ ಹೋಗಿ.

ಏಕಾಂತದ ಲೆಕ್ಕ ಇಲ್ಲಿ ತುಂಬಾ ಸರಳ. ಕಾರಿನಿಂದ ಹತ್ತು ನಿಮಿಷದ ಕೊಲ್ಲಿಯಲ್ಲಿ ಜಾತ್ರೆ, ಅರ್ಧ ಗಂಟೆಯದರಲ್ಲಿ ಸಂತೆ ಮುಗಿದ ಸಂಜೆಯಷ್ಟು ಜನ, ಒಂದು ಗಂಟೆ ದಾಟಿದರೆ ಬೆರಳೆಣಿಕೆ.

ಕಾರು ಬಾಡಿಗೆಗೆ ತೆಗೆದುಕೊಂಡರೆ ಗಾಳಿ ತಿರುಗಿದ ಹಾಗೆ ನೀವೂ ತಿರುಗಬಹುದು. ಅದರ ದೊಡ್ಡ ಲಾಭ ಇದೇ. ಬಸ್ಸುಗಳು ಮುಖ್ಯ ಊರುಗಳಿಗೆ, ಕೆಲವು ಬೀಚುಗಳಿಗೆ ಚೆನ್ನಾಗಿವೆ, ಆದರೆ ಉತ್ತರದ ಒಂಟಿ ಕೊಲ್ಲಿಗಳಿಗೆ ಅವನ್ನು ನಂಬಿ ಹೋಗುವುದು ಕಷ್ಟ. ಬಸ್ಸಿನಲ್ಲೇ ಓಡಾಡುವ ಯೋಚನೆ ಇದ್ದರೆ ಗಲ್ದಾನಾದಲ್ಲೇ ಉಳಿದುಕೊಳ್ಳಿ. ಕಟ್ಟಡಗಳೆದ್ದ ಊರು, ಏನೂ ವಿಶೇಷ ಇಲ್ಲ. ಆದರೆ ಪಶ್ಚಿಮಕ್ಕೆ ಮಕರೆಯಾ, ಪೂರ್ವಕ್ಕೆ ಮಿತ್ಜಾನಾ, ತ್ರೆಬಲೂಜೆರ್, ಎಲ್ಲ ಬಾಗಿಲಿಂದಲೇ ನಡಿಗೆ.

ದೋಣಿ? ಸ್ಪೇನಿನಲ್ಲಿ 5 ಮೀಟರ್ ಉದ್ದ, 15 ಅಶ್ವಶಕ್ತಿ ತನಕದ ಸಣ್ಣ ಮೋಟಾರ್ ದೋಣಿಯನ್ನು ಲೈಸೆನ್ಸ್ ಇಲ್ಲದೆ, ಹಗಲಿನಲ್ಲಿ, ದಡದ ಹತ್ತಿರ ನಡೆಸಬಹುದು. ನಾಲ್ಕು ಜನ ಸೇರಿ ಹಂಚಿಕೊಂಡರೆ ಖರ್ಚು ಭಾರ ಅನ್ನಿಸುವುದಿಲ್ಲ. ಎಸ್ಕೊರ್ಶಾದಾಗೆ ಬೆವರು ಸುರಿಸದೆ ಹೋಗಬಹುದು. ನನಗೇಕೋ ಅದು ಅಷ್ಟು ರುಚಿಸಲಿಲ್ಲ. ಗಾಳಿ ಸ್ವಲ್ಪ ಎದ್ದರೂ ಹೊಸಬರ ಕೈ ನಡುಗುತ್ತದೆ. ಲಂಗರು ಹಾಕುವ ವಿಷಯದಲ್ಲೂ ಕಟ್ಟುನಿಟ್ಟು ಇದೆ: ಹಳದಿ ತೇಲುಬುರುಡೆಗಳ ಒಳಗೆ ದೋಣಿ ತರುವಂತಿಲ್ಲ, ಕಡಲಹುಲ್ಲಿನ ಮೇಲೆ ಲಂಗರು ಬಿಡುವಂತಿಲ್ಲ. ಕಯಾಕ್ ಆದರೆ ಫೊರ್ನೆಯ್ಸ್ ಕೊಲ್ಲಿಯಲ್ಲಿ ಶುರು ಮಾಡಿ, ಸುತ್ತ ನೆಲ ಇರುವುದರಿಂದ ನೀರು ಶಾಂತ.

ಆ ಕಡಲಹುಲ್ಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಕೆಲವು ಕೊಲ್ಲಿಗಳಲ್ಲಿ ದಡದ ತುಂಬ ಕಂದು ಎಲೆಗಳ ರಾಶಿ ಬಿದ್ದಿರುತ್ತದೆ. ನಮ್ಮವರು ಮೂಗು ಮುಚ್ಚಿಕೊಂಡು 'ಗಲೀಜು' ಅನ್ನುತ್ತಾರೆ. ಅದು ಪೊಸಿಡೋನಿಯಾ. ಪಾಚಿ ಅಲ್ಲ, ಬೇರು, ಎಲೆ, ಹೂ ಎಲ್ಲ ಇರುವ ಗಿಡ. ನೀರೊಳಗೆ ಹುಲ್ಲುಗಾವಲಿನ ಹಾಗೆ ಬೆಳೆದು ಮರಳನ್ನು ಹಿಡಿದಿಡುತ್ತದೆ, ನೀರನ್ನು ತಿಳಿಯಾಗಿಸುತ್ತದೆ. ಉದುರಿದ ಎಲೆ ದಡದಲ್ಲಿ ರಾಶಿ ಬಿದ್ದು, ಚಳಿಗಾಲದ ಅಲೆ ಮರಳನ್ನು ಕೊಚ್ಚಿಕೊಂಡು ಹೋಗದ ಹಾಗೆ ಕಾಯುತ್ತದೆ. ಬಲಿಯಾರಿಕ್ ಸರ್ಕಾರ 2018ರಲ್ಲಿ ಇದರ ರಕ್ಷಣೆಗೆ ಪ್ರತ್ಯೇಕ ಆದೇಶವನ್ನೇ ಹೊರಡಿಸಿತು. ವಾಸನೆ ಆಗದವರು ಆ ಕೊಲ್ಲಿ ಬಿಟ್ಟು ಪಕ್ಕದ್ದಕ್ಕೆ ಹೋಗಿ, ಅಷ್ಟೇ.

ಯಾವ ತಿಂಗಳು

ನನ್ನ ಓಟು ಸೆಪ್ಟೆಂಬರಿನ ಎರಡನೇ ಭಾಗಕ್ಕೆ. ನೀರು ಇನ್ನೂ ಸುಮಾರು 24-25 ಡಿಗ್ರಿ ಇರುತ್ತದೆ, ಶಾಲೆ ಶುರುವಾಗಿ ಸಂಸಾರಗಳು ಮನೆ ಸೇರಿರುತ್ತವೆ. ಆಗಾಗ ಒಂದು ಗುಡುಗು ಮಳೆ, ಒಂದು ತ್ರಮುಂತಾನಾ ಬಂದು ಹೋಗುತ್ತದೆ. ಜೂನ್ ಎರಡನೇ ಆಯ್ಕೆ. ಹಗಲು ಉದ್ದ, ಜನ ಕಡಿಮೆ, ನೀರು ಸ್ವಲ್ಪ ತಣ್ಣಗೆ. ಆದರೆ ಜೂನ್ 23, 24ರಂದು ಸಿಯುತದೆಯಾದಲ್ಲಿ ಸಾಂತ್ ಜೊವಾನ್ ಹಬ್ಬ. ಜನಸಾಗರದ ನಡುವೆ ಕುದುರೆಗಳು ಹಿಂಗಾಲಲ್ಲಿ ನಿಲ್ಲುವ ಹಬ್ಬ ಅದು. ನೋಡಲೇಬೇಕು ಅನ್ನುವವರು ಕೋಣೆ ತಿಂಗಳುಗಟ್ಟಲೆ ಮೊದಲೇ ಹಿಡಿಯಿರಿ, ಏಕಾಂತ ಹುಡುಕುವವರು ಆ ವಾರ ತಪ್ಪಿಸಿ. ಮೇನಲ್ಲಿ ನೀರು 18-19 ಡಿಗ್ರಿ. ನಡಿಗೆಗೆ ಬೊಂಬಾಟ್, ಈಜಿಗೆ ಹಲ್ಲು ಕಟಕಟ. ಜುಲೈ, ಆಗಸ್ಟ್ ಬಿಟ್ಟು ಬೇರೆ ದಾರಿಯೇ ಇಲ್ಲದವರು ಬೆಳಿಗ್ಗೆ ಎಂಟಕ್ಕೆ ಹೋಗಿ ಹನ್ನೊಂದಕ್ಕೆ ಎದ್ದುಬಿಡಿ. ಅಥವಾ ಸಂಜೆ ಆರಕ್ಕೆ ಇಳಿಯಿರಿ. ಒಂಬತ್ತರವರೆಗೂ ಬೆಳಕಿರುತ್ತದೆ. ದಕ್ಷಿಣದ ಕಿರಿದಾದ ಕೊಲ್ಲಿಗಳಲ್ಲಿ ಮಾತ್ರ ಬಂಡೆಯ ನೆರಳು ಬೇಗ ಬೀಳುತ್ತದೆ.

ಉಬ್ಬರ-ಇಳಿತದ ಲೆಕ್ಕ ಇಲ್ಲಿ ಬೇಡ. ನಮ್ಮ ಕರಾವಳಿಯ ಹಾಗೆ ನೀರು ದಿನಕ್ಕೆರಡು ಸಲ ಏರಿಳಿಯುವುದು ಇಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ ಅನ್ನಬಹುದು. ಒಂದೇ ಅಪವಾದ ರಿಸ್ಸಾಗಾ. ವಾಯುಒತ್ತಡ ಹಠಾತ್ ಬದಲಾದಾಗ ಕಿರಿದಾದ ಕೊಲ್ಲಿಯ ನೀರು ನಿಮಿಷಗಳಲ್ಲಿ ಬಸಿದುಹೋಗಿ ರಭಸದಿಂದ ತಿರುಗಿ ಬರುತ್ತದೆ. 2006ರ ಜೂನ್ 15ರಂದು ಸಿಯುತದೆಯಾ ಬಂದರಿನಲ್ಲಿ ನೀರು ಸುಮಾರು 4 ಮೀಟರ್ ಇಳಿದು ಏರಿ ಹತ್ತಾರು ದೋಣಿ ಪುಡಿಯಾದವು. ಅಪರೂಪದ ಸಂಗತಿ, ಮುನ್ನೆಚ್ಚರಿಕೆಯನ್ನೂ ಕೊಡುತ್ತಾರೆ. ದಿನನಿತ್ಯದ ತೊಂದರೆ ಅಂದರೆ ಜೆಲ್ಲಿ ಫಿಶ್. ನೇರಳೆ ಬಣ್ಣದ ಸಣ್ಣದು ಚೆನ್ನಾಗಿಯೇ ಕುಟುಕುತ್ತದೆ. ಗಾಳಿ ಯಾವ ದಡಕ್ಕೆ ತಳ್ಳುತ್ತದೋ ಅಲ್ಲಿ ಸೇರಿಕೊಳ್ಳುತ್ತವೆ. ಇಲ್ಲೂ ಗಾಳಿಯದೇ ಮಾತು ನೋಡಿ.

ಯಾರ ಜೊತೆ, ಯಾವ ಕೊಲ್ಲಿ

ಗಂಡ-ಹೆಂಡತಿ ಇಬ್ಬರೇ, ನಡೆಯುವ ಹುಮ್ಮಸ್ಸಿದೆ ಅಂದರೆ ಎಸ್ಕೊರ್ಶಾದಾ ಅಥವಾ ಪಿಲಾರ್, ಗಾಳಿ ನೋಡಿಕೊಂಡು. ಐದು ವರ್ಷದ ಮಗು ಇದ್ದರೆ ಸೋನ್ ಸೌರಾ, ಎಸ್ ಗ್ರೌ. ಹತ್ತು ಹನ್ನೆರಡರ ಮಕ್ಕಳಾದರೆ ಮಿತ್ಜಾನಾ ತನಕ ನಡೆಸಬಹುದು, ಐಸ್ ಕ್ರೀಮ್ ಆಸೆ ತೋರಿಸಿ. ಮೀನು ನೋಡುವ ಹುಚ್ಚಿದ್ದರೆ ಪ್ರೆಗೊಂದಾ. ಒಬ್ಬರೇ ಹೋಗುವವರು ಜೀವರಕ್ಷಕರಿರುವ ದಡವನ್ನೇ ಆರಿಸಿ, ಅಲ್ಲಿ ಹಸಿರು-ಹಳದಿ-ಕೆಂಪು ಬಾವುಟ ಹಾರಿಸುತ್ತಾರೆ. ಕೆಂಪು ಇದ್ದರೆ ಇಳಿಯಬೇಡಿ. ಏನಾದರೂ ಆದರೆ 112ಕ್ಕೆ ಫೋನ್ ಮಾಡಿ. ಆದರೆ ಕಣಿವೆಗಳಲ್ಲಿ ಸಿಗ್ನಲ್ ಸಿಗದಿರಬಹುದು, ಹಾಗಾಗಿ ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಉಳಿದಿರುವ ಕಡೆ ಹೇಳಿ ಹೊರಡಿ.

ಅತ್ತೆ-ಮಾವ, ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. ದೂರದ ಕೊಲ್ಲಿಗಳಲ್ಲಿ ಕೆಲವರು ಬಟ್ಟೆ ಇಲ್ಲದೆ ಈಜುತ್ತಾರೆ. ಮಕರೆಯೆತಾ, ಬಿನಿಗೌಸ್ ಬೀಚಿನ ತುದಿ, ತೊರ್ತುಗಾ ಕಡೆ ಅದು ಮಾಮೂಲು. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ನಾನು ಹೇಳಲು ಮರೆತೆ. ನಮ್ಮತ್ತೆ ಎರಡು ಗಂಟೆ ಹೊತ್ತು ಪೈನ್ ಮರದ ಕಡೆಗೇ ಮುಖ ಮಾಡಿ ಕೂತು ಕಿತ್ತಳೆ ಸುಲಿದರು. ಕೊನೆಗೆ 'ನೀರು ಚೆನ್ನಾಗಿದೆಯೇನೇ?' ಅಂತ ಕೇಳಿ, ಸೀರೆಯಲ್ಲೇ ಮೊಣಕಾಲ ತನಕ ಇಳಿದು, ಆಮೇಲೆ ಹತ್ತಲು ಒಪ್ಪಲೇ ಇಲ್ಲ. ಕೊನೆಯ ಬಸ್ ತಪ್ಪಿತು.